ನಾಲ್ಕೂಕಾಲು ಲಕ್ಷದ ಜಾಗ್ವಾರ್: ಕೊಳ್ಳುವ ಮೊದಲು ಹಾಕಿದ ಲೆಕ್ಕ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಗೋದಾಮಿನಲ್ಲಿ ಹನ್ನೊಂದು ವರ್ಷ ಕದಲದೆ ನಿಂತಿದ್ದ 1985ರ ಜಾಗ್ವಾರ್ ಎಕ್ಸ್‌ಜೆ-ಎಸ್ ಕಾರನ್ನು ನಾನು 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಡೆ. ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್‌ಗೆ ಮೈಸೂರಿನಲ್ಲಿ ಕೂತು ಕೈ ಹಾಕುವುದು ಹುಚ್ಚುತನವೆಂದು ಗೆಳೆಯರೆಲ್ಲ ಹೇಳಿದರು. ನನ್ನ ಬಹುತೇಕ ಕಾರುಗಳಿಗೆ ಟಿಂಕರಿಂಗ್ ಮಾಡಿಕೊಟ್ಟಿರುವ ಚಾಚಾ ಮಾತ್ರ ಗಂಭೀರವಾಗಿಯೇ, "ಮೇಷ್ಟ್ರೇ, ಇದರಲ್ಲಿ ಕೋಳಿ ಸಾಕಿ, ಮೊಟ್ಟೆಯಾದರೂ ಸಿಗುತ್ತೆ" ಎಂದರು. ಕಾರು ಈಗ ಬೆಂಗಳೂರಿಗೆ ಹೋಗಿ ಬರುತ್ತಿದೆ, ಹಾಕಿದ ಲೆಕ್ಕವೂ ಮೀರಿಲ್ಲ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಲೆಕ್ಕ ಹಾಕುವುದನ್ನು ನನಗೆ ಕಲಿಸಿದ್ದು ಇದಕ್ಕೂ ಮೊದಲು ಕೊಂಡ ಎರಡು ಬಾಗಿಲಿನ ಒಂದು ಜರ್ಮನ್ ಕೂಪೆ ಕಾರು. ಅದನ್ನು 2014ರಲ್ಲಿ ಎರಡು ಲಕ್ಷ ಚಿಲ್ಲರೆಗೆ, ಅಗ್ಗವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕೊಂಡು, ಹನ್ನೊಂದು ಲಕ್ಷಕ್ಕೂ ಹೆಚ್ಚು ಸುರಿದ ಮೇಲೆ, ಮೊದಲ ಮಾಲೀಕರು ವಿದೇಶದಿಂದ ತಂದಾಗಿನ ಕಸ್ಟಮ್ಸ್ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆ, ಎಲ್ಲಿಯೂ ಇಲ್ಲವೆಂಬುದು ತಿಳಿಯಿತು. ಆರ್‌ಸಿ ನನ್ನ ಹೆಸರಿಗೆ ಬರಲೇ ಇಲ್ಲ. ಕೊನೆಗೆ ಬಿಡಿಭಾಗಗಳಾಗಿ ಮಾರಿ ಐದು ಲಕ್ಷದಷ್ಟು ವಾಪಸು ಪಡೆದೆ. ಅಂದಿನಿಂದ ನಾನು ಬಾನೆಟ್ ಎತ್ತುವ ಮೊದಲು ಕಾಗದದ ಫೈಲ್ ಕೇಳುತ್ತೇನೆ. ತೋಟದ ಯಜಮಾನರ ತಂದೆ ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದು, ಊರಿಗೆ ಮರಳುವಾಗ ಸುಂಕ ಕಟ್ಟಿ ಈ ಕಾರನ್ನು ತಂದಿದ್ದರು. ಬಿಲ್ ಆಫ್ ಎಂಟ್ರಿ, ಸುಂಕದ ರಸೀದಿ, ಹಳೆಯ ಆರ್‌ಸಿ ಮೂರೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದ್ದವು. ಚಾಸಿ ಸಂಖ್ಯೆ ಕಾಗದಕ್ಕೆ ಅಕ್ಷರಶಃ ಹೊಂದಿದ ಮೇಲಷ್ಟೇ ಟಾರ್ಚ್ ಹೊರತೆಗೆದೆ.

ಕೊಳ್ಳುವ ಬೆಲೆಯನ್ನು ನಾನು ಲೆಕ್ಕದ ಪುಸ್ತಕದಲ್ಲಿ ಕಟ್ಟಕಡೆಗೆ ಬರೆಯುತ್ತೇನೆ. ಎಲ್ಲ ಕೆಲಸ ಮುಗಿದು ರಸ್ತೆಗಿಳಿದ ಕಾರಿಗೆ ಎಷ್ಟು ಬಂದೀತು ಎಂಬುದು ಮೊದಲ ಸಾಲು. ಇದಕ್ಕೆ ನಾನು ಹದಿನೆಂಟು ಲಕ್ಷ ಎಂದು ಬರೆದುಕೊಂಡೆ. ಅದರ ಕೆಳಗೆ ಮೂರು ರಾಶಿ. ಕಾರು ಹೇಗೇ ಇರಲಿ, ವಯಸ್ಸಿನಿಂದಲೇ ಬದಲಿಸಬೇಕಾದ ರಬ್ಬರು, ಟೈರು, ಬೆಲ್ಟು, ಬ್ರೇಕ್ ಹೋಸ್, ದ್ರವಗಳು ಮೊದಲನೆಯ ರಾಶಿಗೆ ಸೇರುತ್ತವೆ, ಇದಕ್ಕೆ ಮೂರೂವರೆ ಲಕ್ಷ. ಕಣ್ಣಾರೆ ಕಂಡ ಹಾಳು ಎರಡನೆಯದು, ಇದಕ್ಕೆ ಆರು ಲಕ್ಷ. ಮೂರನೆಯದು ಕಾಣದ ಹಾಳು. ಕಂಡದ್ದರ ಅರ್ಧ ಎಂದು ಕಣ್ಣು ಮುಚ್ಚಿ ಹಾಕಿದರೆ ಮೂರು ಲಕ್ಷ. ಕಾಗದಪತ್ರಕ್ಕೆ ಒಂದು ಲಕ್ಷ ಬೇರೆ. ಕಳೆದುಳಿದದ್ದು ನಾಲ್ಕೂವರೆ. ಯಜಮಾನರು ಒಂಬತ್ತು ಕೇಳಿದ್ದರು. ನಾನು ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟು, ಸಾಲು ಸಾಲಾಗಿ ಓದಿ ತೋರಿಸಿ, ನಾಲ್ಕು ಲಕ್ಷವೆಂದೆ. ಅವರು ಕಾಫಿ ಕುಡಿಸಿ ಕಳುಹಿಸಿದರು. ಆರು ವಾರದ ನಂತರ ಫೋನ್ ಬಂತು, ನಾಲ್ಕೂಕಾಲಕ್ಕೆ ಮಾತು ಮುಗಿಯಿತು.

ಆ ಎರಡನೆಯ ರಾಶಿಯನ್ನು ಅಂದಾಜು ಮಾಡುವುದರಲ್ಲಿಯೇ ಅನುಭವ ಇರುವುದು. ಈ ಎಂಜಿನ್‌ನಲ್ಲಿ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಬಿಚ್ಚಬೇಕಾಗಿ ಬಂದರೆ ನಾನು ಕಾರನ್ನೇ ಬಿಟ್ಟು ಬರುತ್ತೇನೆ. ಉಕ್ಕಿನ ಉದ್ದನೆಯ ಸ್ಟಡ್‌ಗಳು ಅಲ್ಯೂಮಿನಿಯಂ ಹೆಡ್ಡಿನೊಳಗೆ ತುಕ್ಕಿನಿಂದ ಕಚ್ಚಿಕೊಂಡರೆ ಹೆಡ್ ಎತ್ತುವುದಕ್ಕೇ ವಾರಗಳು ಬೇಕು. ಅತಿಯಾಗಿ ಬಿಸಿಯಾದ ಎಂಜಿನ್ನಿನಲ್ಲಿ ಹೆಡ್ ಕೆಡುವ ಭಯ ಹೆಚ್ಚು, ಹಾಗಾಗಿ ಎಂದಾದರೂ ಹಾಗೆ ಬಿಸಿಯಾಗಿತ್ತೇ ಎಂಬುದನ್ನು ಮೊದಲು ಹುಡುಕುತ್ತೇನೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ರೋಟರ್ ಅನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿ ಬಿಟ್ಟರೆ ಅದು ಸ್ಪ್ರಿಂಗಿನ ಎಳೆತಕ್ಕೆ ಹಿಂದಕ್ಕೆ ಬರಬೇಕು. ಇಲ್ಲಿ ಕಲ್ಲಿನಂತೆ ನಿಂತಿತ್ತು. ರೋಟರಿನ ಕೆಳಗಿರುವ ಫೆಲ್ಟಿಗೆ ಎಣ್ಣೆ ಬಿಡುವುದನ್ನು ಮರೆತಾಗ, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಅಡ್ವಾನ್ಸ್ ಹಿಡಿದುಕೊಳ್ಳುತ್ತದೆ, ಎಂಜಿನ್ ಸೋಮಾರಿಯಾಗಿ, ಬಿಸಿಯಾಗಿ ಓಡುತ್ತದೆ. ಆದರೂ ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಹನ್ನೆರಡರಲ್ಲಿಯೂ ಹತ್ತಿರ ಹತ್ತಿರ ಬಂದುದರಿಂದ ಕಾರನ್ನು ಬಿಟ್ಟು ಬರಲಿಲ್ಲ. ಎಸಿ ಕಂಪ್ರೆಸರ್ ಕೆಳಗಿನ ಮುಂದಿನ ಎರಡು ಪ್ಲಗ್ ಬಿಚ್ಚಲು ಒಂದು ಇಡೀ ಮಧ್ಯಾಹ್ನ ಹೋಯಿತೆಂಬುದನ್ನೂ ಹೇಳಿಬಿಡುತ್ತೇನೆ. ಬಾಡಿಯಲ್ಲಿ ಹಿಂದಿನ ಸಸ್ಪೆನ್ಷನ್ನಿನ ರೇಡಿಯಸ್ ಆರ್ಮ್ ಹಿಡಿಯುವ ನೆಲದ ತಗಡು, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ, ಬಾಗಿಲುಗಳ ಕೆಳಗಿನ ಸಿಲ್‌ಗಳು, ಈ ಮೂರನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡದೆ ಬೆಲೆ ಹೇಳಬಾರದು. ಬಣ್ಣದ ಕೆಳಗೆ ಅಡಗಿದ ಪುಟ್ಟಿ ಪತ್ತೆ ಮಾಡಲು ಆಯಸ್ಕಾಂತ ಎಲ್ಲರಿಗೂ ಗೊತ್ತು. ನಾನು ಬಳಸುವ ಇನ್ನೊಂದು ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಮಾರುವವರೂ ಇದನ್ನು ಓದುತ್ತಾರೆ.

ಕಾಗದದ ಲಕ್ಷ ರೂಪಾಯಿಯನ್ನು ಗೆಳೆಯರು ಅತಿಯೆಂದಿದ್ದರು. ಹದಿನೈದು ವರ್ಷ ದಾಟಿದ ಆಮದು ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಆಗಿತ್ತು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ದಂಡ, ಹಸಿರು ತೆರಿಗೆ, ಓಡಾಟ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಚೀಚೆ ಹೋಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ ಅದೇ ಶುಲ್ಕ 80,000 ಆಯಿತು. ಅಷ್ಟರೊಳಗೆ ನನ್ನ ಆರ್‌ಸಿ ಕೈಗೆ ಬಂದಿತ್ತು. ಐವತ್ತು ವರ್ಷ ತುಂಬಿ ವಿಂಟೇಜ್ ನೋಂದಣಿಗೆ ಅರ್ಹವಾಗಲು ಇದು ಇನ್ನೂ 2035ರವರೆಗೆ ಕಾಯಬೇಕು.

ಇಂಧನದ ಕೊಳವೆಗಳ ವಿಷಯದಲ್ಲಿ ಮಾತ್ರ ನಾನು ಒಂದು ರೂಪಾಯಿಯನ್ನೂ ಉಳಿಸಲು ಹೋಗಲಿಲ್ಲ. ಈ ಎಂಜಿನ್ನಿನಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಫ್ಯೂಯೆಲ್ ರೈಲ್, ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಬಿಸಿಯ ಮಧ್ಯದಲ್ಲಿಯೇ ಕೂರುತ್ತದೆ. ಅಲ್ಲಿ ಒಣಗಿ ಬಿರಿದ ಒಂದು ಹೋಸ್ ಸೋರಿದರೆ ಇಡೀ ಕಾರೇ ಸುಟ್ಟುಹೋಗಬಹುದು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲವಾದ್ದರಿಂದ ಪ್ರತಿಯೊಂದು ಹೋಸನ್ನೂ ಅದನ್ನು ತಾಳುವ ಆರ್9 ದರ್ಜೆಯದಕ್ಕೆ ಬದಲಿಸಿದೆ. ಇಂಜೆಕ್ಟರ್ ತೊಳೆಸುವುದು ಸೇರಿ ಸುಮಾರು ಒಂದು ಲಕ್ಷದ ಹತ್ತು ಸಾವಿರ. ತೊಳೆದವರು ಯಾರೆಂದು ಮಾತ್ರ ಕೇಳಬೇಡಿ, ಅವರ ಸರದಿ ಈಗಾಗಲೇ ಉದ್ದವಾಗಿದೆ.

ಡಿಕ್ಕಿಯೊಳಗಿನ ತೊಂಬತ್ತು ಲೀಟರಿನ ಪೆಟ್ರೋಲ್ ಟ್ಯಾಂಕ್ ಒಳಗೆ ಕೆಂಪಗೆ ತುಕ್ಕು ಹಿಡಿದಿತ್ತು. ಆಸಿಡ್ ಬದಲು, ಮಂಡ್ಯದ ಕಡೆಯಿಂದ ತರಿಸಿದ ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ತುಂಬಿಸಿ ಮೂರು ವಾರ ಬಿಟ್ಟೆ. ಹುಳಿ ಹೆಂಡದ ವಾಸನೆಗೆ ಮನೆಯವರು ಮಹಡಿಗೆ ವಾಸ ಬದಲಿಸಿದರು, ಇರುವೆಗಳು ಗ್ಯಾರೇಜಿಗೆ ಬಂದವು. ಆದರೆ ತೊಳೆದಾಗ ಟ್ಯಾಂಕಿನ ಒಳಗೆ ಬೂದುಬಣ್ಣದ ಶುದ್ಧ ಉಕ್ಕು ಕಂಡಿತು. ಆ ಖುಷಿಯಲ್ಲಿ ಮಿಕ್ಕ ಕಾಕಂಬಿಯ ತೊಟ್ಟಿಯಲ್ಲಿ ಅಲ್ಯೂಮಿನಿಯಂನ ಒಂದು ಥರ್ಮೋಸ್ಟಾಟ್ ಹೌಸಿಂಗ್ ಹಾಕಿ ಮರೆತುಬಿಟ್ಟೆ. ಹೊರತೆಗೆದಾಗ ಅದು ಗೆದ್ದಲು ತಿಂದಂತೆ ಗುಳಿ ಬಿದ್ದಿತ್ತು. ಇಂಗ್ಲೆಂಡಿನಿಂದ ಇನ್ನೊಂದನ್ನು ತರಿಸಲು ಸಾಗಾಟ, ಸುಂಕ ಸೇರಿ ಹದಿನಾಲ್ಕು ಸಾವಿರ ಆಯಿತು. ಅಂದಹಾಗೆ, ಅಲ್ಲಿಂದ ಬರುವ ಬಿಡಿಭಾಗದ ಬೆಲೆಯನ್ನು ನಾನು ಯಾವಾಗಲೂ ಎರಡರಿಂದ ಗುಣಿಸಿಯೇ ಬರೆಯುತ್ತೇನೆ. ಸಣ್ಣ ಸಣ್ಣ ಪೊಟ್ಟಣಗಳಾಗಿ ತರಿಸದೆ ನಾಲ್ಕೈದು ತಿಂಗಳ ಪಟ್ಟಿಯನ್ನು ಒಟ್ಟಿಗೆ ತರಿಸಿದ್ದರಿಂದ ಮಾತ್ರ ಈ ಗುಣಾಕಾರ ಮೀರಲಿಲ್ಲ.

ಹಿಂದಿನ ಬ್ರೇಕ್ ಡಿಸ್ಕ್‌ಗಳು ಚಕ್ರದ ಬಳಿ ಇಲ್ಲದೆ ಹಿಂದಿನ ಎರಡು ಚಕ್ರಗಳ ನಡುವಿನ ಗೇರುಪೆಟ್ಟಿಗೆಗೆ, ಅಂದರೆ ಡಿಫರೆನ್ಷಿಯಲ್‌ಗೆ, ಅಂಟಿಕೊಂಡಿರುವುದರಿಂದ ಅವೆಲ್ಲ ಕೂತಿರುವ ಇಡೀ ಪಂಜರವನ್ನೇ ಇಳಿಸಬೇಕು. ಒಂದು ಗ್ಯಾರೇಜಿನವರು ಬರೀ ಇಳಿಸಿ ಏರಿಸುವುದಕ್ಕೆ ಎಂಬತ್ತು ಸಾವಿರ ಕೇಳಿದರು. ಚೈನ್ ಬ್ಲಾಕ್ ಮತ್ತು ಹಲಸಿನ ಹಲಗೆಯ ಒಂದು ತಳ್ಳುಗಾಡಿ ಕಟ್ಟಿಕೊಂಡು ನಾನೂ ಚಾಚಾನ ಮಗನೂ ಎರಡು ಭಾನುವಾರದಲ್ಲಿ ಅದನ್ನು ಮುಗಿಸಿದೆವು. ಒಮ್ಮೆ ಇಳಿದ ಮೇಲೆ ಸೀಲ್, ಡಿಸ್ಕ್, ಬುಷ್, ನಾಲ್ಕು ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಬದಲಿಸಿಯೇ ಏರಿಸಬೇಕು, ಇಲ್ಲವಾದರೆ ಮುಂದಿನ ವರ್ಷ ಇದೇ ಕೂಲಿ ಮತ್ತೆ.

ಮೂರನೆಯ ರಾಶಿಯನ್ನು ತಿಂದದ್ದು ಇಲಿಗಳು. ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್ ಹೋಗಿತ್ತು, ಎಸಿಯ ಇವಾಪೊರೇಟರ್ ಸೋರುತ್ತಿತ್ತು. ರೇಡಿಯೇಟರನ್ನು ಎರಡು ಸಲ ಕಟ್ಟಿಸಬೇಕಾಯಿತು, ಮೊದಲ ಅಂಗಡಿಯವರು ತೆಳುವಾದ ಕೋರ್ ಹಾಕಿಕೊಟ್ಟು, ನಿಂತಲ್ಲಿ ಎಂಜಿನ್ ಬಿಸಿ ತೋರಿಸುವ ಸೂಜಿ ಏರಿದಾಗ ಗೇಜ್ ಸುಳ್ಳು ಹೇಳುತ್ತಿದೆಯೆಂದರು. ಬಣ್ಣ, ಟಿಂಕರಿಂಗ್ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ, ಚರ್ಮದ ಕುಷನ್ ಕೆಲಸ ಒಂದೂವರೆ. ಕೊಂಡ ಬೆಲೆ ಬಿಟ್ಟು ಎಲ್ಲವನ್ನೂ ಕೂಡಿದರೆ, ಮೂರು ರಾಶಿ ಮತ್ತು ಕಾಗದ ಸೇರಿದ ಹದಿಮೂರೂವರೆಯ ಅಂದಾಜಿಗೆ ಎದುರಾಗಿ ಹನ್ನೆರಡು ಲಕ್ಷದ ತೊಂಬತ್ತು ಸಾವಿರದ ಹತ್ತಿರ ನಿಂತಿತು. ಎರಡೂವರೆ ವರ್ಷದ ನನ್ನ ಭಾನುವಾರಗಳಿಗೆ ಈ ಪುಸ್ತಕದಲ್ಲಿ ಸಾಲು ಇಲ್ಲ. ಅವುಗಳಿಗೂ ಕೂಲಿ ಹಾಕುವವರು ಈ ಕಾರಿನ ಹತ್ತಿರ ಸುಳಿಯದಿರುವುದು ಒಳ್ಳೆಯದು.

ಕಳೆದ ತಿಂಗಳು ತೋಟದ ಯಜಮಾನರು ನೋಡಲು ಬಂದಿದ್ದರು. ಚಾಲಕನ ಸೀಟಿನಲ್ಲಿ ತುಂಬಾ ಹೊತ್ತು ಕುಳಿತು, ಇಪ್ಪತ್ತಕ್ಕೆ ಹಿಂತಿರುಗಿ ಕೊಡುತ್ತೀರಾ ಎಂದು ಕೇಳಿದರು. ಕೊಡುವುದಿಲ್ಲವೆಂದೆ. ಹಾಗಾದರೆ ಡ್ಯಾಶಿನ ಗಡಿಯಾರವಾದರೂ ಓಡುತ್ತಿದೆಯೇ, ತಂದೆಯವರ ಕಾಲದಲ್ಲಿಯೇ ನಿಂತಿತ್ತು ಎಂದರು. ಅದು ಓಡುತ್ತಿಲ್ಲ, ಪುಸ್ತಕದಲ್ಲಿ ಅದರ ಮುಂದೆ ನಾಲ್ಕು ಸಾವಿರ ಎಂದು ಬರೆದಿಟ್ಟಿದ್ದೇನೆ.