ಹೊಸ ಟವೆಲ್ ನೀರು ಎಳೆಯುತ್ತಿಲ್ವಾ? ಮೊದಲು ಅದಕ್ಕೆ ಅಂಟಿರುವುದನ್ನು ತೆಗೆಯಿರಿ

ಅಂಗಡಿಯಲ್ಲಿ ಮುಟ್ಟಿದಾಗ ಅಷ್ಟು ಮೆತ್ತಗಿದ್ದ ಟವೆಲ್, ಮನೆಗೆ ತಂದು ಸ್ನಾನ ಮಾಡಿ ಮೈ ಒರೆಸಿಕೊಂಡರೆ ನೀರನ್ನು ಎಳೆಯುವುದೇ ಇಲ್ಲ. ಬೆನ್ನ ಮೇಲಿನ ನೀರನ್ನು ಆಚೆ ಈಚೆ ತಳ್ಳುತ್ತದೆ ಅಷ್ಟೆ. ದುಡ್ಡು ಕೊಟ್ಟು ಮೋಸ ಹೋದೆವು ಅಂತ ತುಂಬಾ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಟವೆಲ್ ಹತ್ತಿಯದಾಗಿದ್ದರೆ ಬೇಜಾರು ಬೇಡ, ಅದು ಸರಿಹೋಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಟವೆಲನ್ನು ಮೇಜಿನ ಮೇಲೆ ಹರಡಿ, ಚಮಚದಿಂದ ಒಂದು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಿ ಒದ್ದೆ ಕಲೆಯಾಗಿ ಹರಡಿಕೊಂಡರೆ ಟವೆಲ್ ಚೆನ್ನಾಗಿದೆ ಅಂತ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತು, ಟವೆಲ್ ವಾಲಿಸಿದರೆ ಉರುಳಿ ಹೋಗುವುದಾದರೆ ನೂಲಿನ ಮೇಲೆ ಏನೋ ಪದರ ಕೂತಿದೆ ಅಂತ ಅರ್ಥ.

ಆ ಪದರ ಎಲ್ಲಿಂದ ಬರುತ್ತೆ ಅಂದರೆ ಮಿಲ್ಲಿನಿಂದಲೇ. ನೇಯುವಾಗ ನೂಲು ಕಡಿಯಬಾರದು ಅಂತ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ, ಗಂಜಿ ಕೊಡುತ್ತಾರೆ. ನೇಯ್ದ ಮೇಲೆ ಅದನ್ನು ತೊಳೆದರೂ, ಅಂಗಡಿಯಲ್ಲಿ ಗಿರಾಕಿಯ ಕೈಗೆ ಮೆತ್ತಗೆ ಸಿಗಲಿ, ಹೊಳಪು ಕಾಣಲಿ ಅಂತ ಕೊನೆಯಲ್ಲಿ ಸಿಲಿಕೋನ್ ಥರದ ಮೆತ್ತಗೆ ಮಾಡುವ ದ್ರಾವಣದಲ್ಲಿ ಅದ್ದುತ್ತಾರೆ. ಹತ್ತಿ ನೂಲಿಗೆ ನೀರು ಅಂದರೆ ಇಷ್ಟ, ಸಿಲಿಕೋನಿಗೆ ನೀರು ಆಗಲ್ಲ. ತೆಳು ಕೈಮಗ್ಗದ ಟವೆಲ್, ಚೌಕಗಳಲ್ಲಿ ಈ ಸಿಲಿಕೋನ್ ಕಾಟ ಕಡಿಮೆ, ಗಂಜಿಯೇ ಜಾಸ್ತಿ. ಅದಕ್ಕೇ ಅವು ಮೊದಲು ಬರಬರ ಅನ್ನುತ್ತವೆ, ನೆನೆಸಿ ಒಗೆದರೆ ಬೇಗ ದಾರಿಗೆ ಬರುತ್ತವೆ.

ಹಾಗಾಗಿ ಹೊಸ ಟವೆಲನ್ನು ಒಗೆಯದೆ ಬಳಸಲೇಬೇಡಿ. ಒಂದು ಬಕೆಟ್ ಬಿಸಿನೀರು ತೆಗೆದುಕೊಳ್ಳಿ, ಬಣ್ಣದ ಟವೆಲ್ ಆದರೆ ಕೈ ಹಾಕಲು ಆಗುವಷ್ಟು ಬಿಸಿ ಸಾಕು, ಬಿಳಿಯದಾದರೆ ಅದಕ್ಕಿಂತ ಬಿಸಿ ಇದ್ದರೂ ನಡೆಯುತ್ತದೆ, ಚೀಟಿಯಲ್ಲಿ 60 ಡಿಗ್ರಿ ಅಂತ ಹಾಕಿದ್ದರೆ ಹೆದರಬೇಕಾಗಿಲ್ಲ. ಮಲೆನಾಡಿನ ಕಡೆ ಬಚ್ಚಲ ಹಂಡೆಯಲ್ಲಿ ನೀರು ಸದಾ ಕಾದಿರುತ್ತೆ, ನಿಮಗೆ ಗ್ಯಾಸು ಕರೆಂಟು ಯಾವುದರ ಖರ್ಚೂ ಇಲ್ಲ. ನೀರಿಗೆ ಅರ್ಧ ಕಪ್ ಅಡುಗೆ ಸೋಡಾ ಕದಡಿ, ಟವೆಲ್ ಪೂರ್ತಿ ಮುಳುಗುವ ಹಾಗೆ ಅದುಮಿ, ರಾತ್ರಿ ಇಡೀ ಬಿಡಿ. ಬೆಳಿಗ್ಗೆ ಹಿಂಡಿ ನೋಡಿ. ನೀರು ಮಸಕಾಗಿರುತ್ತದೆ, ಬೆರಳಿಗೆ ಜಾರು ಜಾರು ಅನ್ನಿಸುತ್ತದೆ, ಒಂದಷ್ಟು ನೂಲಿನ ಹಿಂಜು ತೇಲುತ್ತಿರುತ್ತದೆ. ಹಿಂಜು ಕಂಡು ಟವೆಲ್ ಕಿತ್ತು ಬರುತ್ತಿದೆ ಅಂದುಕೊಳ್ಳಬೇಡಿ, ನೇಯುವಾಗ ಉಳಿದ ಬಿಡಿ ಎಳೆಗಳು ಅವು. ಮೊದಲ ಕೆಲವು ಒಗೆತದಲ್ಲಿ ಹೋಗಿ ನಿಂತುಬಿಡುತ್ತೆ.

ಆಮೇಲೆ ಎಂದಿನಂತೆ ಒಗೆಯಿರಿ, ಆದರೆ ಸೋಪಿನ ಪುಡಿ ಯಾವಾಗಲೂ ಹಾಕುವುದರಲ್ಲಿ ಅರ್ಧ ಮಾತ್ರ. ಕೊನೆಯ ಜಾಲಿಸುವ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು, ಮತ್ತೊಮ್ಮೆ ಬರೀ ನೀರಿನಲ್ಲಿ ಜಾಲಿಸಿ. ಇದನ್ನು ಬಕೆಟ್‌ನಲ್ಲಿ ಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಪ್ರತಿಸಲ ಮೆಷಿನ್‌ಗೆ ವಿನೆಗರ್ ಸುರಿದರೆ ಒಳಗಿನ ರಬ್ಬರ್ ಹಾಳಾಗಬಹುದು. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಚಮಚ ಕರಗಿಸಿ ಹಾಕಿದರೂ ಆಗುತ್ತೆ.

ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಬುಸ್ ಅಂತ ನೊರೆ ಉಕ್ಕುವುದನ್ನು ನೋಡಿ ಏನೋ ಭಾರಿ ಕೆಲಸ ಆಗುತ್ತಿದೆ ಅನ್ನಿಸಬಹುದು, ನಿಜಕ್ಕೂ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕಿ ಕೊನೆಗೆ ಎರಡೂ ಕೆಲಸಕ್ಕೆ ಬರಲ್ಲ. ಇನ್ನು ಬ್ಲೀಚ್ ಜೊತೆ ವಿನೆಗರ್ ಅಥವಾ ನಿಂಬೆ ಉಪ್ಪನ್ನು ಯಾವ ಕಾರಣಕ್ಕೂ ಸೇರಿಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಇದನ್ನು ಮನೆಕೆಲಸಕ್ಕೆ ಬರುವವರಿಗೂ ಬಾಯಿಬಿಟ್ಟು ಹೇಳಿ, ಬಾಟಲಿಗಳನ್ನೂ ದೂರ ದೂರ ಇಡಿ.

ಗಾಢ ಬಣ್ಣದ ಟವೆಲನ್ನು ಮೊದಲೆರಡು ಮೂರು ಸಲ ಬೇರೆಯಾಗಿಯೇ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ, ಆದರೆ ಬಣ್ಣ ನಿಲ್ಲಿಸುವ ಕೆಲಸ ಅದ್ದುವಾಗಲೇ ಆಗಿರಬೇಕು, ಮನೆಯ ಉಪ್ಪಿನಿಂದ ಆಗುವಂಥದ್ದಲ್ಲ. ಹೆಚ್ಚಾಗಿ ಉಳಿದ ಬಣ್ಣ ಒಗೆತದಲ್ಲಿ ಹೋಗಲಿ ಬಿಡಿ.

ಈಗ ಮುಖ್ಯವಾದ ಮಾತು. ಬಟ್ಟೆಗೆ ಸುವಾಸನೆ ಬರಲಿ ಅಂತ ಹಾಕುತ್ತಾರಲ್ಲ ಕಂಡೀಷನರ್, ಅದನ್ನು ಟವೆಲ್‌ಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಅದು ನೂಲಿನ ಮೇಲೆ ಜಿಡ್ಡಿನಂಥ ತೆಳು ಪದರ ಬಿಡುತ್ತದೆ, ಮೆತ್ತಗೆ ಅನ್ನಿಸುವುದು ಅದರಿಂದಲೇ. ಅಷ್ಟು ಕಷ್ಟಪಟ್ಟು ಮಿಲ್ಲಿನ ಪದರ ತೆಗೆದು ಮತ್ತೆ ನಾವೇ ಇನ್ನೊಂದು ಬಳಿದರೆ ಏನು ಬಂತು? ಅಮೆರಿಕದ ಕಡೆ ಇರುವ ಮಕ್ಕಳು ಡ್ರೈಯರ್‌ಗೆ ಹಾಕುವ ಸುವಾಸನೆಯ ಹಾಳೆಗಳೂ ಇದೇ ಜಾತಿ. ಟವೆಲ್ ಒಣಗಿಸುವಾಗ ಅವು ಬೇಡ.

ನೀರಿನ ವಿಚಾರವೂ ಇದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಟವೆಲ್ ಕೆಲವೇ ತಿಂಗಳಲ್ಲಿ ರಟ್ಟಿನ ಹಾಗೆ ಗಟ್ಟಿಯಾಗುತ್ತದೆ. ಬಕೆಟ್ ಅಂಚಿಗೆ, ನಲ್ಲಿ ಬಾಯಿಗೆ ಬಿಳಿ ಕಟ್ಟುತ್ತದಲ್ಲ, ಆ ಸುಣ್ಣದ ಅಂಶವೇ ಸೋಪಿನ ಜೊತೆ ಸೇರಿ ನೂಲಿನ ಸಂದಿಯಲ್ಲಿ ಕೂರುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಪುಡಿ ಸುರಿದರೆ ಅದೂ ಅಲ್ಲೇ ಉಳಿಯುತ್ತದೆ. ಇಂಥ ಮನೆಯಲ್ಲಿ ತಿಂಗಳಿಗೊಮ್ಮೆ ವಿನೆಗರ್ ಅಥವಾ ನಿಂಬೆ ಉಪ್ಪಿನ ಜಾಲಾಟ ಬೇಕೇ ಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಜಾಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಅಂಟುವಾಳದಲ್ಲಿ ಒಗೆಯುವ ಅಭ್ಯಾಸ ಇದ್ದವರು ಅದನ್ನೇ ಮುಂದುವರಿಸಿ, ಅದು ಗಡಸು ನೀರಿನಲ್ಲೂ ಸೋಪಿನ ಥರ ಬಿಳಿ ಗಸಿ ಕಟ್ಟುವುದಿಲ್ಲ.

ಎಣ್ಣೆ ಸ್ನಾನದ ದಿನ ದಯವಿಟ್ಟು ಒಳ್ಳೆಯ ಟವೆಲ್ ತೆಗೆಯಬೇಡಿ. ಸೀಗೆಪುಡಿ ಎಷ್ಟು ಉಜ್ಜಿದರೂ ತಲೆಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ, ಅದು ನೇರ ಟವೆಲ್‌ಗೆ. ನಾಲ್ಕು ವಾರ ಹೀಗೇ ಆದರೆ ಕಮಟು ವಾಸನೆ ಹಿಡಿಯುತ್ತದೆ. ತಲೆಗೆ ಹಳೆ ಪಂಚೆಯ ತುಂಡೋ ತೆಳು ಚೌಕವೋ ಬೇರೆ ಇಡಿ. ಆಗಲೇ ಎಣ್ಣೆ ಹತ್ತಿದ್ದರೆ ಅಡುಗೆ ಸೋಡಾ ಸಾಲದು. ಬಿಸಿನೀರಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ ಒಂದು ಗಂಟೆ ನೆನೆಸಿ, ಕೈಗೆ ಗ್ಲೌಸ್ ಹಾಕಿಕೊಂಡು ಉಜ್ಜಿ. ಬಟ್ಟೆ ಸೋಡಾ ಚರ್ಮಕ್ಕೆ ಖಾರ. ಡ್ರೈಯರ್ ಇರುವವರು ಎಣ್ಣೆ ಪೂರ್ತಿ ಹೋಗದ ಟವೆಲನ್ನು ಅದಕ್ಕೆ ಹಾಕಬಾರದು, ಎಣ್ಣೆ ಬಟ್ಟೆ ಬಿಸಿಯಾಗಿ ಬೆಂಕಿ ಹತ್ತುವುದುಂಟು.

ಒಣಗಿಸುವುದಕ್ಕೂ ಒಂದು ಕ್ರಮ ಇದೆ. ಟವೆಲನ್ನು ಹತ್ತಿರದಿಂದ ನೋಡಿ, ಮೈತುಂಬಾ ನೂಲಿನ ಪುಟ್ಟ ಪುಟ್ಟ ಕುಣಿಕೆಗಳು. ನೀರು ಹಿಡಿದುಕೊಳ್ಳುವುದೇ ಅವು. ಹಿಂಡಿದ ಮೇಲೆ ಅವು ಚಪ್ಪಟೆಯಾಗಿ ಮಲಗಿರುತ್ತವೆ, ಹಾಗೇ ಒಣಗಿದರೆ ಹಾಗೇ ಗಟ್ಟಿಯಾಗುತ್ತವೆ. ಅದಕ್ಕೆ ತಂತಿಗೆ ಹಾಕುವ ಮುಂಚೆ ಎರಡು ತುದಿ ಹಿಡಿದು ಜೋರಾಗಿ ನಾಲ್ಕು ಸಲ ಕೊಡವಿ, ಒಣಗಿದ ಮೇಲೆ ಇನ್ನೊಮ್ಮೆ ಕೊಡವಿ. ಇಸ್ತ್ರಿ ಬೇಡವೇ ಬೇಡ. ಒಂದು ಕುಣಿಕೆ ಉದ್ದಕ್ಕೆ ಎದ್ದು ಬಂದರೆ ಎಳೆಯಬೇಡಿ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.

ಕೊಳ್ಳುವಾಗ ಚೀಟಿಯಲ್ಲಿ ಜಿಎಸ್ಎಂ ನೋಡಿ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ ಅದು. 600ರ ಮೇಲಿನದು ದಪ್ಪ, ನೀರೂ ಜಾಸ್ತಿ ಎಳೆಯುತ್ತೆ, ಆದರೆ ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗದೆ ಮುಗ್ಗಲು ಹಿಡಿಯುತ್ತೆ. ನಮ್ಮ ಕಡೆಗೆ 400ರಿಂದ 500 ಸಾಕು. ಮಳೆಗಾಲಕ್ಕೆ ತೆಳು ಕೈಮಗ್ಗದ್ದು ಇನ್ನೂ ಒಳ್ಳೆಯದು.

ಮೂರು ನಾಲ್ಕು ಸಲ ಹೀಗೆ ಒಗೆದ ಮೇಲೂ ನೀರಿನ ಹನಿ ಗುಂಡಗೇ ನಿಂತರೆ ನೂಲೇ ಹತ್ತಿಯದಲ್ಲ ಅಂತ ಅನುಮಾನ ಪಡಿ. ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಂದರೆ ಸೋಡಾ ವಿನೆಗರ್ ಸುಮ್ನೆ ದಂಡ ಮಾಡಬೇಡಿ. ನೂರಕ್ಕೆ ನೂರು ಹತ್ತಿ ಅಂತ ಹೇಳಿ ಕೊಟ್ಟಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ ವಾಪಸ್ ಕೇಳಿ.