ಸೋಲ್ಡರ್ ನೀರಲ್ಲಿ ತೂಗಿ ನೋಡಿದೆ: 60/40 ಅಸಲಿಯೋ ನಕಲಿಯೋ

ಸೋಲ್ಡರ್ ವೈರನ್ನು, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್ ಬೆಸೆಯೋ ತವರ-ಸೀಸದ ತಂತಿಯನ್ನು, ನೀರಲ್ಲಿ ತೂಗಿದರೆ ತವರ ಎಷ್ಟು, ಸೀಸ ಎಷ್ಟು ಅಂತ ಗೊತ್ತಾಗುತ್ತೆ ಅಂದರೆ ಎಸ್‌ಪಿ ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಕೌಂಟರುಗಳಲ್ಲಿ ನಗುತ್ತಾರೆ. ‘ಕರಗಿಸಿ ಹೊಳಪು ನೋಡಿ ಸಾರ್, ಸಾಕು’ ಅನ್ನೋದೇ ಅಲ್ಲಿನ ಶಾಸ್ತ್ರ. ನಗಲಿ. ಇಲ್ಲಿವರೆಗೆ ಆರು ರೋಲ್ ತೂಗಿದ್ದೇನೆ. 60/40, ಅಂದರೆ ತೂಕದಲ್ಲಿ 60 ಪಾಲು ತವರ, 40 ಪಾಲು ಸೀಸ, ಅಂತ ಅಚ್ಚು ಹಾಕಿಸಿಕೊಂಡ ಎರಡು ರೋಲ್‌ಗಳಲ್ಲಿ ಇದ್ದದ್ದು ತಿರುಗುಮುರುಗಾದ ಲೆಕ್ಕ, ಹೆಚ್ಚುಕಮ್ಮಿ 40/60.

ಮೋಸಕ್ಕೆ ಕಾರಣ ಸರಳ: ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಮೇಲೆ. ತವರ ಇಳಿಸಿದಷ್ಟೂ ಲಾಭ. ಅದರ ಪೆಟ್ಟು ಬೀಳೋದು ನಮ್ಮ ಬೋರ್ಡ್‌ಗೆ. 63/37 ಸರಿಯಾಗಿ 183 ಡಿಗ್ರಿಯಲ್ಲಿ ಒಂದೇ ಏಟಿಗೆ ಗಟ್ಟಿಯಾಗುತ್ತೆ. 60/40ಕ್ಕೆ ಐದಾರು ಡಿಗ್ರಿ ಎಳೆದಾಟ. 40/60 ಮಾತ್ರ ಸುಮಾರು 238ರಿಂದ 183ರ ತನಕ ಗಂಜಿಯ ಹಾಗೇ ಇರುತ್ತೆ. ಆ ಎರಡು ಮೂರು ಸೆಕೆಂಡಿನಲ್ಲಿ ರೆಸಿಸ್ಟರ್ ಕಾಲು ಅಲುಗಿತೋ, ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಗ್ಯಾರಂಟಿ. ಕರಗಲಿ ಅಂತ 25 ವ್ಯಾಟ್ ಸೋಲ್ಡರಿಂಗ್ ಐರನ್ ಒತ್ತಿ ಹಿಡಿದರೆ ಜೀರೋ ಪಿಸಿಬಿಯ (ಬರೀ ತೂತುಗಳಿರೋ ಖಾಲಿ ಬೋರ್ಡಿನ) ತಾಮ್ರದ ಪ್ಯಾಡ್ ಎದ್ದು ಬರುತ್ತೆ.

ಮೊದಲು ಮಾಡಿದ್ದು ತಪ್ಪು ವಿಧಾನ. 22 ಗೇಜ್ ವೈರ್, ಅಂದರೆ 0.71 ಮಿ.ಮೀ., ಒಂದು ಮೀಟರ್ ಕತ್ತರಿಸಿ ತೂಗಿ ಸಾಂದ್ರತೆ ಲೆಕ್ಕ ಹಾಕಿದೆ. ಒಂದೊಂದು ಸಲ ಒಂದೊಂದು ಉತ್ತರ. ಬೆಸುಗೆ ಹತ್ತಲಿ ಅಂತ ವೈರ್ ಒಳಗೆ ರಾಳದಂಥ ಫ್ಲಕ್ಸ್ ತುಂಬಿರುತ್ತೆ. ಕಳ್ಳ ಸಿಕ್ಕಿದ್ದು ಆ ಫ್ಲಕ್ಸ್‌ನಲ್ಲಿ. ತೂಕದಲ್ಲಿ ಎರಡು ಚಿಲ್ಲರೆ ಶೇಕಡಾ ಇರೋ ಫ್ಲಕ್ಸ್ ಗಾತ್ರದಲ್ಲಿ ಹತ್ತಿರ ಹತ್ತಿರ 15 ಶೇಕಡಾ ಜಾಗ ತಿನ್ನುತ್ತೆ. 60/40ಕ್ಕೂ 40/60ಕ್ಕೂ ಸಾಂದ್ರತೆಯಲ್ಲಿ ಇರೋ ವ್ಯತ್ಯಾಸವೇ 9 ಶೇಕಡಾ. ಜೊತೆಗೆ ವೈರ್ ದಪ್ಪ ಅಳೆಯೋದರಲ್ಲಿ ಕೂದಲೆಳೆ ತಪ್ಪಿದರೂ ಅದು ಇಮ್ಮಡಿಯಾಗಿ ಬಂದು ಕೂರುತ್ತೆ. ಹಾಗಾಗಿ ಫ್ಲಕ್ಸ್ ತೆಗೆಯದೆ ತೂಗೋದು ದಂಡ.

ಕೆಲಸ ಮಾಡಿದ್ದು ಇದು. ಮಣ್ಣಿನ ಹಣತೆಯನ್ನು ಮೊದಲು ಚೆನ್ನಾಗಿ ಕಾಯಿಸಿ ಒಣಗಿಸಿ. ತೇವ ಉಳಿದಿದ್ದರೆ ಲೋಹ ಚಿಮ್ಮುತ್ತೆ, ಕನ್ನಡಕ ಹಾಕಿಕೊಳ್ಳಿ. 60 ವ್ಯಾಟ್ ಐರನ್‌ನಿಂದ ವೈರನ್ನು ಚೂರು ಚೂರೇ ಅದರೊಳಗೆ ಕರಗಿಸುತ್ತಾ ಹೋಗಿ. ಫ್ಲಕ್ಸ್ ಮೇಲೆ ತೇಲುತ್ತೆ, ಕಡ್ಡಿಯಿಂದ ಸರಿಸಿ. ಆರಿದ ಉಂಡೆಯನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಚಿನ್ನದಂಗಡಿಯವರು ಬಳಸೋ ಥರದ ಪಾಕೆಟ್ ತಕ್ಕಡಿ, 0.01 ಗ್ರಾಂ ತೋರಿಸೋದು, ಸಾಕು. ನಾನು ಕೊಟ್ಟದ್ದು ಮುನ್ನೂರೈವತ್ತು ಚಿಲ್ಲರೆ. ಮೊದಲು ಉಂಡೆಯ ಒಣ ತೂಕ. ಆಮೇಲೆ ತಕ್ಕಡಿ ಮೇಲೆ ಸಣ್ಣ ಪ್ಲಾಸ್ಟಿಕ್ ಕಪ್ಪಲ್ಲಿ ನೀರಿಟ್ಟು ಸೊನ್ನೆ ಮಾಡಿ, ಉಂಡೆಯನ್ನು ತೆಳು ದಾರದಲ್ಲಿ ಇಳಿಬಿಟ್ಟು ಪೂರ್ತಿ ಮುಳುಗಿಸಿ. ತಳ, ಅಂಚು ತಾಗಬಾರದು. ಆಗ ಎಷ್ಟು ಗ್ರಾಂ ಕಾಣುತ್ತೋ ಅಷ್ಟೇ ಘನ ಸೆಂ.ಮೀ. ಉಂಡೆಯ ಗಾತ್ರ. ತವರ ಸೀಸಕ್ಕಿಂತ ಹಗುರ, ಹಾಗಾಗಿ ತೂಕ ಒಂದೇ ಇದ್ದರೆ ತವರ ಹೆಚ್ಚಿರೋ ಉಂಡೆಯ ಗಾತ್ರ ಹೆಚ್ಚು.

ಉಂಡೆ 30 ಗ್ರಾಂ ಇದ್ದರೆ 63/37ಕ್ಕೆ 3.57, 60/40ಕ್ಕೆ 3.53, 50/50ಕ್ಕೆ 3.38, 40/60ಕ್ಕೆ 3.23 ಬರಬೇಕು. ಲೆಡ್-ಫ್ರೀ (ಸೀಸವಿಲ್ಲದ್ದು) ಆದರೆ 4ರ ಮೇಲೆ ಹೋಗುತ್ತೆ. ನನ್ನ ಎರಡು ನಕಲಿಗಳು 3.25ರ ಆಸುಪಾಸು ತೋರಿಸಿದವು. 63ಕ್ಕೂ 60ಕ್ಕೂ ವ್ಯತ್ಯಾಸ ಹೇಳೋಕೆ ಈ ತಕ್ಕಡಿಯಿಂದ ಆಗಲ್ಲ, ಆ ಆಸೆ ಬೇಡ. 15 ಗ್ರಾಂಗಿಂತ ಚಿಕ್ಕ ಉಂಡೆಯನ್ನೂ ತೂಗಬೇಡಿ.

ಕೈಕೊಡೋದು ಎರಡು ಕಡೆ. ಉಂಡೆಗೆ ಅಂಟಿದ ಗಾಳಿಗುಳ್ಳೆ ಗಾತ್ರವನ್ನು ಹೆಚ್ಚು ತೋರಿಸುತ್ತೆ, ಅಂದರೆ ಕಳಪೆ ಮಾಲು ಒಳ್ಳೇದಾಗಿ ಕಾಣುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬಿಟ್ಟರೆ ಅದು ಹೋಗುತ್ತೆ. ಎರಡನೇದು ಉಂಡೆಯ ಹೊಟ್ಟೆಯೊಳಗೆ ಸಿಕ್ಕಿಬಿದ್ದ ಫ್ಲಕ್ಸ್. ಇದೂ ಅದೇ ದಿಕ್ಕಿಗೆ ಎಳೆಯುತ್ತೆ. ಎರಡು ಸಲ ಕರಗಿಸಿ ತೂಗಿ, ಅಂಕಿ ಒಂದೇ ಬಂದರೆ ನಂಬಿ. ಟೊಳ್ಳಿಲ್ಲದ ಹಾಗೆ ಉಂಡೆ ಕಟ್ಟಿಸೋಕೆ ಇನ್ನೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕರಗಿದ್ದು ಹೇಗೂ ಇತ್ತಲ್ಲ ಅಂತ ಮಲ್ಟಿಮೀಟರಿನ ಥರ್ಮೋಕಪಲ್ (ಬಿಸಿ ಅಳೆಯೋ ಪ್ರೋಬ್) ಅದ್ದಿ, ಆರೋದನ್ನೂ ನೋಡಿದೆ. ಒಳ್ಳೆ ಮಾಲು ಸರ್ರನೆ ಇಳಿದು 183ರ ಹತ್ತಿರ ನಿಂತುಬಿಡುತ್ತೆ. ನಕಲಿ 230ರ ಸುಮಾರಿಗೇ ಕುಂಟೋಕೆ ಶುರು ಮಾಡಿ, ಆಮೇಲೆ ಬಂದು 183ರಲ್ಲಿ ನಿಲ್ಲುತ್ತೆ. ಮೀಟರ್ ಮೂರ್ನಾಲ್ಕು ಡಿಗ್ರಿ ಸುಳ್ಳು ಹೇಳಿದರೂ ಈ ಕುಂಟಾಟ ಮುಚ್ಚಿಡೋಕಾಗಲ್ಲ. ಲೋಹ ಗಟ್ಟಿಯಾದ ಮೇಲೆ ಪ್ರೋಬ್ ಎಳೆಯಬೇಡಿ, ನನ್ನದೊಂದು ತುಂಡಾಯಿತು.

ತವರ ಸರಿ ಇದ್ದರೂ ಫ್ಲಕ್ಸ್ ಕೆಟ್ಟದ್ದಿದ್ದರೆ ಏನು ಬಂತು? ಎರಡು ಸೆಂ.ಮೀ. ವೈರನ್ನು ಹೊಳೆಯೋ ತಾಮ್ರದ ಪಟ್ಟಿ ಮೇಲೆ ಕರಗಿಸಿ, ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ಒಂದು ವಾರ ಮುಚ್ಚಿಡಿ. ಸುತ್ತ ಹಸಿರು ಕಿಲುಬು ಬಂದರೆ ಆ ರೋಲ್ ಬೋರ್ಡ್‌ಗೆ ಬೇಡ. ನಲ್ಲಿ ಕೆಲಸದ ಆಸಿಡ್ ಪೇಸ್ಟನ್ನೂ ಇನ್ನೊಂದು ಪಟ್ಟಿ ಮೇಲೆ ಹೀಗೇ ಇಟ್ಟು ನೋಡಿ, ಅದು ಎಷ್ಟು ಬೇಗ ತಿನ್ನುತ್ತೆ ಅಂತ ಕಣ್ಣಾರೆ ಕಾಣುತ್ತೆ.

ದುಡ್ಡಿನ ಮಾತು. 22 ಗೇಜ್ 50 ಗ್ರಾಂ ರೋಲ್‌ನಲ್ಲಿ ಸುಮಾರು 17 ಮೀಟರ್ ಇರುತ್ತೆ. ಒಂದು ಜಾಯಿಂಟ್‌ಗೆ 5 ಮಿ.ಮೀ. ಹಿಡಿದರೆ ಮೂರು ಸಾವಿರ ಚಿಲ್ಲರೆ ಜಾಯಿಂಟ್. ರೋಲ್‌ಗೆ 150 ರೂಪಾಯಿ ಅಂದರೂ ಒಂದಕ್ಕೆ ಐದು ಪೈಸೆ ಬೀಳಲ್ಲ, ಅರ್ಧ ಪೋಲಾದರೂ ಹತ್ತು ಪೈಸೆ. ಇಲ್ಲಿ ಮೂವತ್ತು ನಲವತ್ತು ರೂಪಾಯಿ ಉಳಿಸೋಕೆ ಹೋಗಿ ಬೋರ್ಡ್ ಕಳೆದುಕೊಳ್ಳೋದು ಯಾವ ಲೆಕ್ಕ? ನಾನು ಮೊದಲು ಚಿಕ್ಕ ರೋಲ್ ಕೊಂಡು ತೂಗಿ, ಪಾಸಾದರೆ ಅದೇ ಅಂಗಡಿಯಲ್ಲಿ ಅರ್ಧ ಕೆಜಿ ತರುತ್ತೇನೆ. ಯಾವ ಅಂಗಡಿ ಅಂತ ಕೇಳಬೇಡಿ.

ಲೆಡ್-ಫ್ರೀ ಸ್ಯಾಕ್ 305 (ತವರ, ಬೆಳ್ಳಿ, ತಾಮ್ರದ ಮಿಶ್ರಣ) ಕರಗೋದು 217ರಿಂದ 220ಕ್ಕೆ, ಬೆಳ್ಳಿ ಇರೋದರಿಂದ ಬೆಲೆಯೂ ಜಾಸ್ತಿ. ಮಾರೋ ಸಾಮಾನು ಮಾಡದಿದ್ದರೆ ನನಗೆ ಬೇಕಿಲ್ಲ. ಸೀಸದ್ದು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟ. 138 ಡಿಗ್ರಿಗೆ ಕರಗೋ ಬಿಸ್ಮತ್ ಪೇಸ್ಟನ್ನು ಹಳೇ ಸೀಸದ ಜಾಯಿಂಟ್ ಮೇಲೆ ಹಾಕಬೇಡಿ: ಮೂರೂ ಬೆರೆತರೆ 96 ಡಿಗ್ರಿಯಲ್ಲೇ ಕರಗೋ ಭಾಗ ಉಳಿಯುತ್ತೆ, ಬಿಸಿಯಾದ ರೆಗ್ಯುಲೇಟರ್ ತಾನೇ ಕಳಚಿಕೊಳ್ಳಬಹುದು.

ತೂಗಿದ ಉಂಡೆಗಳೇನೂ ದಂಡವಾಗಲಿಲ್ಲ. ಹಣತೆಯಲ್ಲೇ ಮತ್ತೆ ಕರಗಿಸಿ, ವೈರ್ ತುದಿಗೆ ಫ್ಲಕ್ಸ್ ಸವರಿ ಅದ್ದಿದರೆ ಟಿನ್ನಿಂಗ್ (ತುದಿಗೆ ಸೋಲ್ಡರ್ ಲೇಪ) ಮುಗೀತು. ಎರಡು ನಕಲಿ ರೋಲ್‌ಗಳು ಬ್ಯಾಟರಿ ಕೇಬಲ್‌ನ ದಪ್ಪ ಲಗ್‌ಗಳಿಗೆ ಹೋಗ್ತಾ ಇವೆ, ಅಲ್ಲಿ 40/60 ಚೆನ್ನಾಗೇ ತುಂಬುತ್ತೆ.