ನಾಳೆ ಬರ್ರಿ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೇಲರಿಂಗ್ ಅಂಗಡಿ. 14 ವರ್ಷದಿಂದ ಕುಪ್ಪಸ ಹೊಲಿಯುತ್ತಿದ್ದೇನೆ. ಮೊದಲ 11 ವರ್ಷ ಹೇಳಿದ ದಿನಕ್ಕೆ ಕೊಟ್ಟಿದ್ದು ಬಹಳ ಕಡಿಮೆ. ಹಿಂದೆ ದೆವ್ವ ಒಳಗೆ ಬರಬಾರದೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ನಾನು ಅದನ್ನೇ ಗಿರಾಕಿಗಳಿಗೆ ಬಾಯಲ್ಲಿ ಹೇಳುತ್ತಿದ್ದೆ. ಮರ್ಯಾದೆಯಿಂದ "ನಾಳೆ ಬರ್ರಿ" ಅನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ. ಗೋಡೆಯಲ್ಲಿ ಕೂಡಲಸಂಗಮದ ಚಿತ್ರವಿದ್ದ ಕ್ಯಾಲೆಂಡರ್, ಅದರ ಕೆಳಗೆ "ಕಾಯಕವೇ ಕೈಲಾಸ". ಅದನ್ನು ನೋಡಿಕೊಂಡೇ ಸುಳ್ಳು ತಾರೀಖು ಕೊಡುತ್ತಿದ್ದೆ.

ಒಬ್ಬ ಅಕ್ಕ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಹಸಿರು ಗುಳೇದಗುಡ್ಡ ಖಣ ತಂದು ಕೊಟ್ಟರು. ಇಳಕಲ್ ಸೀರೆಗೆ ಖಣದ ಕುಪ್ಪಸ ನಮ್ಮ ಕಡೆ ಎಷ್ಟು ಹಳೆಯ ಜೋಡಿ ಅಂತ ಬೇರೆ ಹೇಳಬೇಕಿಲ್ಲ. ಬುಧವಾರ ಅಂದೆ. ಮೂರು ಸಲ ಬಂದು ಹೋದರು. ಕೊನೆಗೆ ಏಳು ತಿಂಗಳ ಬಸುರಿ ಹುಡುಗಿ ಬಿಗಿಯಾಗುತ್ತಿದ್ದ ಹಳೇ ಕುಪ್ಪಸಕ್ಕೆ ಪಿನ್ನು ಹಾಕಿಕೊಂಡು ಹಸೆಗೆ ಕುಳಿತಳು. ಮರುದಿನ ಆ ಅಕ್ಕ ಬಂದು ಹೊಲಿದ ಕುಪ್ಪಸ ತೆಗೆದುಕೊಂಡು, ದುಡ್ಡು ಎಣಿಸಿ ಕೊಟ್ಟರು. ಬೈಯಲಿಲ್ಲ. "ನಿನ್ನ ಹೊಲಿಗಿ ಚಲೋ ಐತಿ ತಂಗಿ. ಮಾತು ಅಷ್ಟ ಚಲೋ ಇಲ್ಲ" ಎಂದು ಹೋದರು.

ಶಿಸ್ತು ತರಬೇಕೆಂದು ಅದಕ್ಕೂ ಮೊದಲು ಏನೂ ಮಾಡಿರಲಿಲ್ಲ ಅಂತಲ್ಲ. ಬೆಳಗಿನ ನಾಲ್ಕೂವರೆಗೆ ಅಲಾರಾಂ ಇಟ್ಟಿದ್ದೆ. ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಯಾವುದೂ ನಾಲ್ಕನೇ ದಿನ ನೋಡಲಿಲ್ಲ. ಈ ಸಲ ವೇಳಾಪಟ್ಟಿ ಬರೆಯಲು ಕೂರಲಿಲ್ಲ. ನೆನಪಾಗಿದ್ದು ನಮ್ಮವ್ವ. ಅವಳು ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಹನ್ನೊಂದು ಗಂಟೆಗೆ ರೊಟ್ಟಿ ಬುಟ್ಟಿ ಹೊಸ್ತಿಲಲ್ಲಿ ಇರಲೇಬೇಕು, ಇರುತ್ತಿತ್ತು. ಇವತ್ತು ಮನಸ್ಸಿದೆಯೋ ಇಲ್ಲವೋ ಅಂತ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ಅವಳು ರೊಟ್ಟಿ ಕೊಡುವಾಕಿ, ಅಷ್ಟೇ. ಹಾಗಾದರೆ ನಾನು ಯಾರು?

ಮಷಿನ್ ಟೇಬಲ್ಲಿನ ಮೇಲೆ ಗುರುತು ಹಾಕುವ ಚಾಕಿನಿಂದ "ಹೇಳಿದ ದಿನ ಕೊಡುವಾಕಿ" ಎಂದು ಬರೆದೆ. ಬಟ್ಟೆ ಎಳೆದಾಡಿ ಸಂಜೆಯೊಳಗೆ ಅಳಿಸಿಹೋಗುತ್ತಿತ್ತು. ಬೆಳಿಗ್ಗೆ ಮತ್ತೆ ಬರೆಯುತ್ತಿದ್ದೆ. ಪೇಂಟಿನಲ್ಲಿ ಬರೆಸಿದ್ದರೆ ಎರಡನೇ ವಾರಕ್ಕೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ ಅನಿಸುತ್ತದೆ.

ಆಮೇಲೆ ಒಂದು ವಾರ ಗಡಿಯಾರ ನೋಡಿಕೊಂಡು ಹೊಲಿದೆ. ಅಸ್ತರ್ ಹಾಕಿದ ಕುಪ್ಪಸಕ್ಕೆ ಕತ್ತರಿಸುವುದರಿಂದ ಹುಕ್ಕು ಹಚ್ಚುವವರೆಗೆ 2 ಗಂಟೆ 10 ನಿಮಿಷ. ಸಾದಾ ಆದರೆ 1 ಗಂಟೆ 15 ನಿಮಿಷ. ಅಡುಗೆ, ಮಕ್ಕಳು, ನೀರು ತುಂಬುವುದು ಎಲ್ಲ ಕಳೆದು ನನಗೆ ಸಿಗುತ್ತಿದ್ದ ಹೊತ್ತು ಐದೂವರೆ ಗಂಟೆ. ಅಂದರೆ ಅಸ್ತರಿನವು ದಿನಕ್ಕೆ ಎರಡು. ನಾನು ಹಿಡಿಯುತ್ತಿದ್ದದ್ದು ಆರು! ಇಷ್ಟು ವರ್ಷ ನಾನು ಸೋಮಾರಿ ಅಂದುಕೊಂಡಿದ್ದೆ. ನೋಡಿದರೆ ಲೆಕ್ಕವೇ ತಪ್ಪಿತ್ತು.

ಲೆಕ್ಕ ತಿಳಿದ ಮೇಲೂ ಆರು ಹಿಡಿದೆ. ಆಗ ಅರ್ಥವಾಯಿತು. ನನ್ನ ತೊಂದರೆ ಮಷಿನಿನ ಮುಂದೆ ಅಲ್ಲ, ಬಾಗಿಲಲ್ಲಿ, ಬಟ್ಟೆ ಕೈಗೆ ತೆಗೆದುಕೊಳ್ಳುವಾಗ. ಎಲ್ಲರಿಗೂ ಹೂಂ ಅನ್ನುವ ಒಳ್ಳೆಯವಳಾಗಿಯೂ ಇರಬೇಕು, ಹೇಳಿದ ದಿನ ಕೊಡುವಾಕಿಯೂ ಆಗಬೇಕು. ಎರಡೂ ಕೂಡುವುದಿಲ್ಲ. ಆ ಮೊದಲಿನವಳನ್ನು ಕಳಿಸಲು ನನಗೆ ನಿಜಕ್ಕೂ ಸಂಕಟವಾಯಿತು. ಜನ ನನ್ನನ್ನು ಮೆಚ್ಚಿದ್ದೇ ಅವಳಿಗಾಗಿ ಅಲ್ವಾ?

ಅಳತೆ ಪುಸ್ತಕದಲ್ಲಿ ದಿನಕ್ಕೆ ಎರಡೇ ಗೆರೆ ಎಳೆದೆ, ಸಾದಾ ಇದ್ದರೆ ಮೂರು. ಉಳಿದ ಹೊತ್ತು ಫಾಲ್ ಹಚ್ಚುವುದಕ್ಕೆ, ಬಿಗಿ-ಸಡಿಲ ಮಾಡುವುದಕ್ಕೆ, ಕರೆಂಟ್ ಹೋಗುವುದಕ್ಕೆ. ಗೆರೆ ತುಂಬಿದರೆ ಪುಸ್ತಕವನ್ನೇ ತಿರುಗಿಸಿ ತೋರಿಸುತ್ತಿದ್ದೆ. ಬಾಯಿಂದ "ಆಗೂದಿಲ್ರಿ" ಅನ್ನುವುದಕ್ಕಿಂತ ಅದು ಸುಲಭ. ನಾದಿನಿ ಎರಡು ವಾರ ಮಾತು ಬಿಟ್ಟಳು. ಮೊದಲ ಎರಡು ತಿಂಗಳು ಗಳಿಕೆಯೂ ಇಳಿಯಿತು. ನಮ್ಮ ಮನೆಯವರು "ಹೊಟ್ಟಿಗೆ ಶಿಸ್ತು ತಿಂತೀಯೇನು?" ಎಂದು ನಕ್ಕರು. ನಗು ಬರಲಿಲ್ಲ ನನಗೆ.

ಆ ವರ್ಷದ ಪಂಚಮಿಗೆ ಜಾರಿದೆ. ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ, ಜೋಕಾಲಿ, ಹೊಸ ಸೀರೆ. ಹೇಗೆ ಇಲ್ಲ ಅನ್ನುವುದು? ಗೆರೆ ಬಿಟ್ಟು ಒಂಬತ್ತು ಜಾಸ್ತಿ ಹಿಡಿದೆ, ನಾಲ್ಕು ಮುಗಿಯಲಿಲ್ಲ. ಹಿಂದಿನ ನಾನಾಗಿದ್ದರೆ ಫೋನ್ ಎತ್ತದೆ ಕೂರುತ್ತಿದ್ದೆ. ಅವತ್ತು ಚಾಕಿನ ಅಕ್ಷರ ನೋಡುತ್ತ ಕುಳಿತಾಗ ಹೊಳೆಯಿತು: ಹೇಳಿದ ದಿನ ಕೊಡುವಾಕಿ ಕೊಡಲಾಗದಿದ್ದರೆ ಏನು ಮಾಡುತ್ತಾಳೆ? ಮೊದಲೇ ಹೇಳುತ್ತಾಳೆ. ಎರಡು ದಿನ ಮುಂಚೆ ನಾಲ್ವರಿಗೂ ನಾನೇ ಫೋನ್ ಮಾಡಿದೆ. ಇಬ್ಬರು ಬೈದು ಬಟ್ಟೆ ವಾಪಸ್ ಒಯ್ದರು. ಇಬ್ಬರು ಹಬ್ಬ ಮುಗಿದ ಮೇಲೆ ಕೊಡು ಅಂದರು. ಅದಾದ ಮೇಲೆ ತಪ್ಪಿಲ್ಲ ಅಂತಲ್ಲ, ತಪ್ಪಿದಾಗ ಫೋನ್ ಮಾತ್ರ ನನ್ನಿಂದಲೇ ಹೋಗುತ್ತದೆ. ಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ನಿಧಾನಕ್ಕೆ ತಿರುಗಿ ಬಂದಿದ್ದಾರೆ.

ಕಳೆದ ತಿಂಗಳು ಆ ಕುಬಸದ ಅಕ್ಕ ಬಂದರು. ಮೊಮ್ಮಗನ ಜಾವಳ ಇದೆ ಎಂದು ಖಣ ಮುಂದಿಟ್ಟರು. ಪುಸ್ತಕ ತೆಗೆದು ನೋಡಿ, "14ಕ್ಕ ಸಂಜೀಮುಂದ ಬರ್ರಿ ಅಕ್ಕಾರ" ಅಂದೆ. ಅವರು ನನ್ನ ಮುಖ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು.

"16ಕ್ಕ ಬರ್ತೀನಿ ತಗೊ" ಅಂದರು.

14ರ ಸಂಜೆ ಐದಕ್ಕೆ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದೆ. ಎರಡು ದಿನ ಅಲ್ಲೇ ತೂಗುತ್ತಿತ್ತು.